ಉಡಿಯಲ್ಲಿ ಬಿದ್ದ ಹವಳ

ಗುರುದೇವಿ ಗಾಜು ಒರೆಸುತ್ತಿದ್ದಳು.

ನಡುಮನೆಯ ಮಧ್ಯಕ್ಕೆ ಅಡ್ಡಗೋಡೆಯಂತೆ ನಿಂತಿದ್ದ ದೊಡ್ಡ ಗಾಜಿನ ತೊಟ್ಟಿಯ ಅಂಚಿಗೆ ಉಪ್ಪು ಬೆಳ್ಳಗೆ ಹರಳುಗಟ್ಟಿತ್ತು. ಸಮುದ್ರದ ಉಪ್ಪು ಕಲಸಿದ ನೀರು ಎಷ್ಟು ಒರೆಸಿದರೂ ಮತ್ತೆ ಅಂಚಿಗೇರಿ ಕೂರುತ್ತದೆ. ಒದ್ದೆ ಬಟ್ಟೆಯಿಂದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ... ಇನ್ನೊಂದು ಮೂಲೆಯಿಂದ ಈ ಮೂಲೆಗೆ...

ಒಳಗೆ ಹವಳಗಳು ತೂಗುತ್ತಿದ್ದವು. ಹಸಿರು, ನೇರಳೆ, ಕೇಸರಿ. ಕಲ್ಲಿನ ಹಾಗೆ ಕಂಡರೂ ಜೀವವಿರುವ ಹವಳಗಳು.

ಅವಳ ಕಣ್ಣು ಮಾತ್ರ ಕಲ್ಲಿನ ಸಂದಿಯಲ್ಲಿದ್ದ ಕಂದು ಹೂವಿನ ಮೇಲಿತ್ತು. ತೆಳ್ಳಗೆ ಗಾಜಿನಂಥ ಎಸಳು. ಯಾರೂ ತಂದು ಇಟ್ಟದ್ದಲ್ಲ, ತಾನಾಗಿಯೇ ಬಂದದ್ದು. ದೊಡ್ಡಪ್ಪ ನೋಡದಾಗ ಅದಕ್ಕೊಂದು ಸಿಗಡಿಯ ಚೂರು ತಿನ್ನಿಸುತ್ತಿದ್ದಳು. ಪಾಪ, ಸಂದಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇವತ್ತು ಅದನ್ನು ಕಿತ್ತು ಮುಂದಕ್ಕೆ ಇಡೋಣ...

ಚಿಮಟ ಹಿಡಿದು ನೀರಿಗೆ ಕೈ ಇಳಿಸಿದಳು.

"ಏ... ತಡೀರಿ! ಕೀಳಬ್ಯಾಡ್ರಿ ಅದನ್ನ!"

ಚಿಮಟ ಕೈಜಾರಿ ನೀರಿನೊಳಗೆ ಬಿತ್ತು! ಮೀನುಗಳು ದಿಕ್ಕಾಪಾಲಾದವು.

ತೊಟ್ಟಿಯ ಆ ಬದಿಯಲ್ಲಿ, ನೀರಿನ ಆಚೆ ಒಂದು ಮುಖ. ಎರಡು ಗಾಜು ಮತ್ತು ಅಷ್ಟೂ ನೀರು ದಾಟಿ ಬಂದ ಆ ಕಣ್ಣುಗಳು ಇಷ್ಟಗಲ ಕಾಣುತ್ತಿದ್ದವು. ಯಾರಿವನು? ಬಾಗಿಲು ತೆಗೆದವರು ಯಾರು?

"ನಾನ ಕರಿಸೀನಿ ಬೇ," ಒಳಗಿಂದ ದೊಡ್ಡಪ್ಪ ಅಮರೇಶಪ್ಪ ಬಂದರು. "ಇವರು ನಿಶಾಂತ ಅಂತ. ನಮ್ಮ ಕಡೆ ಮಂದಿನ. ಮೆಟ್ರೋ ರೈಲು ಓಡಸ್ತಾರ. ಮನ್ಯಾಗ ನನ್ನಂಗ ಹವಳ ಸಾಕ್ಯಾರ. ಫೋನಿನ ಗ್ರೂಪಿನ್ಯಾಗ ಪರಿಚಯ ಆತು."

ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದ. ಎದೆಯ ಮೇಲೆ ಇನ್ನೂ ಹೆಸರಿನ ಬಿಲ್ಲೆ ಇತ್ತು.

"ಅದು ಹೂವಲ್ಲರಿ, ಕಳೆ," ಅಂದ ಅವನು, ಈಗ ಮೆಲ್ಲಗೆ. "ಕಿತ್ತರ ಹರದು ಚೂರಾಗತೈತಿ. ಒಂದೊಂದು ಚೂರೂ ಮತ್ತ ಗಿಡಾ ಆಗತೈತಿ. ಪಕ್ಕದ ಹವಳನೆಲ್ಲಾ ಕುಟುಕಿ ಸಾಯಿಸ್ತೈತಿ. ಯಾರು ಬೆಳಿಸಿದ್ರು ಇದನ್ನ ಇಷ್ಟು ದಪ್ಪ?"

ಗುರುದೇವಿಯ ಕಿವಿ ಬಿಸಿಯಾಯಿತು.

'ನಾನೇ...' ಅನ್ನಲಿಲ್ಲ. ಬಟ್ಟೆ ಹಿಂಡುತ್ತಾ ನಿಂತಳು. ಅವನು ಅವಳ ಮುಖ ನೋಡಿದ, ನೀರಿನಲ್ಲಿ ಬಿದ್ದ ಚಿಮಟ ನೋಡಿದ, ಕಲ್ಲಿನ ಮೇಲೆ ಉಳಿದಿದ್ದ ಸಿಗಡಿಯ ಚೂರನ್ನೂ ನೋಡಿದ. ತುಟಿಯ ತುದಿಯಲ್ಲಿ ನಗು ಬಂತು. ಆದರೆ ದೊಡ್ಡಪ್ಪನಿಗೆ ಹೇಳಲಿಲ್ಲ!

"ಇದಕ್ಕ ಔಷಧಿ ಸುಣ್ಣ, ಸರ್. ಗಟ್ಟಿಯಾಗಿ ಕಲಸಿ ಸಿರಿಂಜಿನ್ಯಾಗ ತುಂಬಿ ಅದರ ಬಾಯಿಗೇ ಹಾಕಬೇಕು. ಬೆರಕಿ ಇಲ್ಲದ ಸುಣ್ಣ ಐತೇನ್ರಿ ಮನ್ಯಾಗ?"

"ನನ್ನ ಎಲಿ ಅಡಿಕಿ ಸುಣ್ಣ ಐತಿ," ದೊಡ್ಡಪ್ಪ ಅನುಮಾನದಿಂದ ಅಂದರು. "ಅದರ ಮ್ಯಾಲೆ ಕಣ್ಣು ಬಿತ್ತೇನು ನಿಮ್ದು?"

"ಅದಕ್ಕ ಏನೇನು ಬೆರಸಿರತಾರೋ ಗೊತ್ತಿಲ್ಲರಿ. ನಾಳೆ ನಾನ ತರತೀನಿ."

ಮರುದಿನ ಬಂದ. ಆಮೇಲಿನ ವಾರವೂ ಬಂದ. ಒಂದು ಕಳೆ ಸತ್ತರೆ ಇನ್ನೊಂದು ಸಂದಿಯಲ್ಲಿ ಇಣುಕುತ್ತಿತ್ತು. ಅವನಿಗೆ ಬೇಜಾರಾದಂತೆ ಕಾಣಲಿಲ್ಲ. ಅವಳಿಗೂ ಆಗಲಿಲ್ಲ...

* * *

ಗುರುದೇವಿ ಸೇಡಂ ಕಡೆಯ ಹುಡುಗಿ. ಅವ್ವನ ಕಾಯಿಲೆಗೆ ಎಂಟನೇ ತರಗತಿಗೇ ಶಾಲೆ ಬಿಟ್ಟಳು. ಅವ್ವ ಚೇತರಿಸಿಕೊಂಡಳು, ಆದರೆ ಶಾಲೆಯ ಬೆಂಚು ಅಲ್ಲಿಗೇ ಮುಗಿಯಿತು. ದೊಡ್ಡವ್ವ ತೀರಿಕೊಂಡ ಮೇಲೆ ದೊಡ್ಡಪ್ಪನ ಊಟ ತಿಂಡಿ ನೋಡಿಕೊಳ್ಳಲು ದಿಲ್‌ಸುಖ್‌ನಗರಕ್ಕೆ ಬಂದಳು. ತರಕಾರಿ ಮಾರ್ಕೆಟ್ಟಿನಿಂದ ಆಚೆಗೆ ಅವಳು ಒಬ್ಬಳೇ ಹೋದದ್ದೇ ಇಲ್ಲ. ತೆಲುಗು ಅರ್ಥವಾಗುತ್ತದೆ, ಮಾತಾಡಲು ನಾಚಿಕೆ.

ಮಾತು ಕಡಿಮೆ ಇದ್ದವರಿಗೆ ಕಣ್ಣು ಹೆಚ್ಚು. ಯಾವ ಮೀನು ಯಾವ ಕಲ್ಲಿನ ಹಿಂದೆ ಮಲಗುತ್ತದೆ, ಯಾವ ಹವಳ ಬೆಳಿಗ್ಗೆ ತಡವಾಗಿ ಅರಳುತ್ತದೆ, ಎಲ್ಲ ಗೊತ್ತಿತ್ತು ಅವಳಿಗೆ. ಈಗ ಇನ್ನೊಂದೂ ಗೊತ್ತಾಗತೊಡಗಿತ್ತು. ನಿಶಾಂತ ಚಹಾಕ್ಕೆ ಸಕ್ಕರೆ ಸಾಲದಿದ್ದರೂ ಕೇಳುವುದಿಲ್ಲ. ಮನಸ್ಸಿನಲ್ಲಿ ಏನಾದರೂ ಇದ್ದರೆ ಎಡಗಿವಿ ಮುಟ್ಟಿಕೊಳ್ಳುತ್ತಾನೆ. ಇತ್ತೀಚೆಗೆ ತುಂಬಾ ಮುಟ್ಟಿಕೊಳ್ಳುತ್ತಿದ್ದಾನೆ!

"ಒಂದು ಮಾತು ನೆನಪಿಡ್ರಿ," ಅವನು ಸಿರಿಂಜು ತೊಳೆಯುತ್ತಾ ಹೇಳುತ್ತಿದ್ದ. "ಹೊರಗಿಂದ ಬಂದ ಯಾವ ಹವಳನೂ ಟ್ಯಾಂಕಿಗೆ ತೊಳೀದ ಬಿಡಬ್ಯಾಡ್ರಿ. ಯಾರರೆ ಕೊಟ್ಟಿರಲಿ. ಔಷಧಿ ನೀರಾಗ ಅದ್ದಿ, ಬ್ರಶ್ ಹಚ್ಚಿ, ಹುಳ ಉದುರಿದ ಮ್ಯಾಲೆನ ಒಳಗ."

"ಹೂಂ," ಅಂದಳು.

"ಬರೇ ಹೂಂ ಅಂದ್ರ ಹೆಂಗ? ಬೈರಿ ಒಮ್ಮೆರೆ. ಎಷ್ಟು ಪಾಠ ಮಾಡ್ತಾನಪಾ ಇವ ಅಂತ."

"...ಭಾಳ ಮಾಡ್ತೀರಿ."

ಅವನು ಜೋರಾಗಿ ನಕ್ಕ. ಅವಳು ಅಡುಗೆಮನೆಗೆ ಓಡಿದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತೋ, ಎದೆಯೊಳಗೆ ಇನ್ನೇನೋ ಉಕ್ಕುತ್ತಿತ್ತೋ...

* * *

ಒಂದು ಭಾನುವಾರ ದೊಡ್ಡಪ್ಪ ಅವಳನ್ನು ಮಾದಾಪುರದಲ್ಲಿದ್ದ ನಿಶಾಂತನ ಮನೆಗೆ ಕರೆದೊಯ್ದರು. ಅವನ ತಾಯಿ ಸುಹಾಸಿನಿ ಬಾಗಿಲಲ್ಲೇ ಕೈ ಹಿಡಿದುಕೊಂಡರು.

"ನೀನ ಏನವ್ವಾ ಗುರುದೇವಿ? ನನ್ನ ಮಗ ಕಳೆ ತೆಗಿಯಾಕ ಹೊಕ್ಕೀನಿ ಅಂತ ಹೋಗತಾನ, ಬರೂವಾಗ ನಿನ್ನ ಹೆಸರು ಹೇಳಕೋತ ಬರತಾನ."

"ಅವ್ವಾ!"

"ಏನೋ, ಸುಳ್ಳೇನು?"

ಅವನ ತೊಟ್ಟಿ ಚಿಕ್ಕದು, ಆದರೆ ಎಷ್ಟು ಚಂದ! ಮಧ್ಯದ ಕಲ್ಲಿನ ತುಂಬ ಅಂಗಿಯ ಗುಂಡಿಯಂಥ ಹವಳ, ಪುಟ್ಟ ಸೇವಂತಿಗೆಗಳನ್ನು ಒತ್ತೊತ್ತಾಗಿ ನೆಟ್ಟ ಹಾಗೆ. ಕೇಸರಿ ನಡು, ಹಸಿರು ಅಂಚು. ಗುರುದೇವಿ ಬಾಗಿ ನೋಡಿದವಳು ಏಳುವುದನ್ನೇ ಮರೆತಳು.

ಹೊರಡುವ ಹೊತ್ತಿಗೆ ಸುಹಾಸಿನಿ ಅವಳ ಎರಡೂ ಕೈ ತುಂಬ ಶೇಂಗಾ ಹೋಳಿಗೆಯ ಡಬ್ಬಿ, ಚಟ್ನಿಪುಡಿ, ಮೇಲೊಂದು ಉಪ್ಪಿನಕಾಯಿ ಬಾಟ್ಲಿ ಹೇರಿದ್ದರು. ಆಗಲೇ ನಿಶಾಂತ ಓಡಿಬಂದ. ನೀರು ತುಂಬಿದ ಪ್ಲಾಸ್ಟಿಕ್ ಚೀಲ. ಒಳಗೆ ಆ ಸೇವಂತಿಗೆ ಹವಳದ ಒಂದು ತುಂಡು.

"ನಮ್ಮ ಹವಳದ ಮಂದ್ಯಾಗ ಹಿಂಗ ಒಂದು ಪದ್ಧತಿ ಐತ್ರಿ. ಚಂದನ ಹವಳ ಇದ್ರ ಒಂದು ತುಂಡು ಇನ್ನೊಬ್ರ ಮನ್ಯಾಗ ಇಡಬೇಕು. ನಮ್ಮದು ಸತ್ತರೂ ಅಲ್ಲಿ ಬದಕಿರತೈತಿ. ಅದಕ್ಕ... ಭಾಳ ನಂಬಿಗಿ ಇದ್ದವರಿಗೇ ಕೊಡೋದು."

ಎಡಗಿವಿ ಮುಟ್ಟಿಕೊಂಡ.

ಅವಳ ಕೈ ಖಾಲಿ ಇರಲಿಲ್ಲ. ಏನು ಮಾಡುವುದೆಂದು ತಿಳಿಯದೆ, ಡಬ್ಬಿ ಹಿಡಿದ ಕೈಯಲ್ಲೇ ಓಢಣಿಯ ಎರಡು ತುದಿ ಸೇರಿಸಿ ಮುಂದೆ ಒಡ್ಡಿದಳು. ಅವನು ಹವಳದ ಚೀಲವನ್ನು ಮೆಲ್ಲಗೆ ಅದರೊಳಗೆ ಇಟ್ಟ.

ಸುಹಾಸಿನಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೇ ನಕ್ಕರು.

"ಅಯ್ಯ, ಉಡಿ ತುಂಬಿಬಿಟ್ಟಿಯಲ್ಲೋ ಹುಡುಗಿದು! ಉಡ್ಯಾಗ ಹಾಕಿದ್ದನ್ನ ವಾಪಸ್ ಕೇಳಾಂಗಿಲ್ಲ ನೋಡು ಇನ್ನ!"

ದೊಡ್ಡಪ್ಪ ನಕ್ಕರು. ನಿಶಾಂತ ಕೆಂಪಾದ. ಗುರುದೇವಿ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ, ಉಡಿಯಲ್ಲಿದ್ದದ್ದನ್ನು ಹೊಟ್ಟೆಗೆ ಒತ್ತಿಕೊಂಡು, ಆಟೋದಲ್ಲಿ ಕೂತ ಮೇಲೂ ಕೈ ಸಡಿಲಿಸಲಿಲ್ಲ.

ಮನೆಗೆ ಬಂದು ಔಷಧಿಯ ಬಾಟಲಿ ಕೈಗೆತ್ತಿಕೊಂಡಳು. ತೊಳೆಯದೆ ಬಿಡಬಾರದು, ಯಾರೇ ಕೊಟ್ಟಿರಲಿ...

'ಇದಕ್ಕೂ?' ಅಂತು ಮನಸ್ಸು. 'ಅವರು ಉಡಿಯಲ್ಲಿ ಹಾಕಿದ್ದಕ್ಕೂ ಕಹಿ ಔಷಧಿಯೇ?'

ಬಾಟಲಿಯನ್ನು ಮತ್ತೆ ಕಪಾಟಿನಲ್ಲಿಟ್ಟಳು. ಹವಳವನ್ನು ನೇರವಾಗಿ ನೀರಿಗೆ ಬಿಟ್ಟಳು, ಗಾಜಿಗೆ ಎಲ್ಲಕ್ಕಿಂತ ಹತ್ತಿರದ ಕಲ್ಲಿನ ಮೇಲೆ.

* * *

ಆಮೇಲೆ ಒಂದು ದಿನ ದೊಡ್ಡಪ್ಪ ಸುಹಾಸಿನಿಗೆ ಫೋನು ಮಾಡಿದರು. ಗುರುದೇವಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

"...ಹುಡುಗಿ ಶಾಲಿ ಭಾಳ ಕಲತಿಲ್ಲರಿ. ಆದ್ರ ಬಂಗಾರದಂಥಾಕಿ. ನಿಮ್ಮ ಮಗನ್ನ ಒಂದು ಮಾತು ಕೇಳಿ ಹೇಳ್ರಿ."

ಆ ಕಡೆಯ ಮಾತು ಕೇಳಿಸಲಿಲ್ಲ. ದೊಡ್ಡಪ್ಪ ಫೋನಿಟ್ಟು ಎಲೆಗೆ ಸುಣ್ಣ ಹಚ್ಚುತ್ತಾ ಅಂದರು, "ಕೇಳಿ ಹೇಳತೀನಿ ಅಂದ್ರು."

ಒಂದು ದಿನ ಕಳೆಯಿತು. ಎರಡು ಕಳೆದವು. ನಿಶಾಂತನ ಫೋನಿಲ್ಲ.

ಮರುದಿನ ಬೆಳಿಗ್ಗೆ ಅವಳ ಮೊಬೈಲು ಮಿನುಗಿತು. ಅವನದೇ! ಒದ್ದೆ ಕೈ ಓಢಣಿಗೆ ಒರೆಸಿ ತೆರೆದಳು.

'ನಾನು ಕೊಟ್ಟ ಹವಳ ವಾಪಸ್ ಬೇಕಾಗಿತ್ತು. ಇವತ್ತೇ ಬರ್ತೀನಿ.'

ಅಷ್ಟೇ.

ಗುರುದೇವಿ ಅದನ್ನು ಮತ್ತೆ ಓದಿದಳು. ಅಕ್ಷರಗಳು ಬದಲಾಗಲಿಲ್ಲ.

ಉಡಿಯಲ್ಲಿ ಹಾಕಿದ್ದು... ವಾಪಸ್ ಬೇಕಂತೆ!

'ಇಲ್ಲ ಅನ್ನೋದಕ್ಕೆ ಇಷ್ಟು ಸುತ್ತಬೇಕಾಗಿತ್ತಾ?' ಕಣ್ಣು ತುಂಬಿ ಬಂತು. 'ಓದಿಲ್ಲದ ಹುಡುಗಿ ಬೇಡ ಅಂತ ನೇರ ಹೇಳಿದ್ದರೆ ಸಾಕಿತ್ತು. ಕೊಟ್ಟದ್ದನ್ನೂ ಕಿತ್ತುಕೊಳ್ಳಬೇಕಾ...'

ಅವನು ಬಂದ. ಕಣ್ಣೆತ್ತಲಿಲ್ಲ, ಕೂರಲಿಲ್ಲ, ಚಹಾ ಬೇಡವೆಂದ. ಅವಳು ಆಗಲೇ ಹವಳವನ್ನು ನೀರಿನ ಚೀಲಕ್ಕೆ ಹಾಕಿ ಗಂಟು ಕಟ್ಟಿ ಇಟ್ಟಿದ್ದಳು. ಕೈಗೆ ಕೊಡಲಿಲ್ಲ, ಟೀಪಾಯಿಯ ಮೇಲೆ ಇಟ್ಟಳು.

"ಗುರುದೇವಿ, ಅದು..." ಎಡಗಿವಿಗೆ ಕೈ ಹೋಯಿತು. "ಆಮ್ಯಾಲೆ ಹೇಳತೀನ್ರಿ."

ಆಮೇಲೆ ಏನು ಹೇಳುವುದು? ಅವಳು ಬಾಗಿಲು ಹಾಕಿಕೊಂಡಳು.

ಅಳು ಬಂದಾಗ ಅವಳ ಕೈ ಸುಮ್ಮನಿರುವುದಿಲ್ಲ. ಒದ್ದೆ ಬಟ್ಟೆ ತಂದು ಗಾಜು ಒರೆಸತೊಡಗಿದಳು. ಒರೆಸಿದ ಗಾಜನ್ನೇ ಒರೆಸಿದಳು. ಹವಳವಿದ್ದ ಕಲ್ಲು ಖಾಲಿಯಾಗಿತ್ತು...

ಖಾಲಿಯೇ?

ಕೇಸರಿ ನಡು, ಹಸಿರು ಅಂಚು. ಒಂದೇ ಒಂದು ಪುಟ್ಟ ಸೇವಂತಿಗೆ ಕಲ್ಲಿನ ಮೇಲೆ ಉಳಿದುಬಿಟ್ಟಿತ್ತು! 'ಇದೊಂದು ಬಿಟ್ಟುಹೋಯಿತಾ?' ಮೂಗು ಗಾಜಿಗೆ ತಾಗುವಷ್ಟು ಬಾಗಿದಳು.

ಸೇವಂತಿಗೆ ನಡೆಯಿತು.

ಗುರುದೇವಿ ಕಣ್ಣುಜ್ಜಿ ಮತ್ತೆ ನೋಡಿದಳು. ಹೌದು, ನಡೆಯಿತು! ಮೆಲ್ಲಗೆ, ಹೊಟ್ಟೆ ಎಳೆದುಕೊಂಡು, ದೊಡ್ಡಪ್ಪನ ಹಳೆಯ ಗುಂಡಿ ಹವಳದ ಕಡೆಗೆ. ಬೆನ್ನ ಮೇಲಿನ ಎಸಳುಗಳು ಎಸಳಲ್ಲ, ಎಳೆಎಳೆಯಾದ ತೊಗಲು. ಹುಳ! ತಿಂದ ಹವಳದ ಬಣ್ಣವನ್ನೇ ಮೈಗೆ ಬಳಿದುಕೊಂಡು, ಅದರ ನಡುವೆಯೇ ಅಡಗಿ ಕೂತಿದ್ದ ಹುಳ!

ಈ ಕೆಲವು ದಿನಗಳಿಂದ ಅವನು ಕೊಟ್ಟ ಹವಳದ ಒಂದು ಮೂಲೆಯ ಎಸಳು ಮುಚ್ಚಿಕೊಂಡಿದ್ದದ್ದು ನೆನಪಾಯಿತು. ಅವನು ಕಣ್ಣೆತ್ತದೆ ನಿಂತದ್ದು ನೆನಪಾಯಿತು. ಅದು ಬೇಡವೆನ್ನುವವನ ಮುಖವಾಗಿರಲಿಲ್ಲ. ಅದು... ಸಿಗಡಿ ತಿನ್ನಿಸಿ ಸಿಕ್ಕಿಬಿದ್ದ ದಿನ ತನಗಿದ್ದ ಮುಖ!

"ನಾಚಿಕಿ!" ಗಟ್ಟಿಯಾಗಿಯೇ ಅಂದಳು ಗುರುದೇವಿ. "ನಾಚಿಕಿ ಬಂದೈತಿ ಅವರಿಗೆ!"

"ಯಾರಿಗೆ ಬೇ?" ಒಳಗಿಂದ ದೊಡ್ಡಪ್ಪ ಕೇಳಿದರು.

ಅವಳು ಅಡುಗೆಮನೆಗೆ ಓಡಿದಳು. ಚಮಚದಿಂದ ಹುಳವನ್ನು ಎತ್ತಿ ನೀರಿನ ಸಮೇತ ಪುಟ್ಟ ಡಬ್ಬಿಗೆ ಹಾಕಿದಳು. ಕಲ್ಲುಗಳ ಸಂದಿ, ಹವಳಗಳ ಬುಡ, ಎಲ್ಲ ಕಡೆ ಹುಡುಕಿದಳು. ಇನ್ನೊಂದು ಕಾಣಲಿಲ್ಲ. ಮುಖ ತೊಳೆದು ಓಢಣಿ ಹೊದ್ದಳು.

"ದೊಡ್ಡಪ್ಪ, ಮಾದಾಪುರಕ್ಕ ಹೋಗಿ ಬರತೀನಿ."

"ಒಬ್ಬಾಕಿನ?!"

"ಹೂಂ."

ದೊಡ್ಡಪ್ಪ ಅವಳ ಮುಖ ನೋಡಿದರು, ರೈಲಿನ ದುಡ್ಡು ತೆಗೆದು ಕೊಟ್ಟರು.

ಮೆಟ್ರೋ ಸ್ಟೇಷನ್ನಿನಲ್ಲಿ ತಪಾಸಣೆಯ ಹೆಂಗಸು ಡಬ್ಬಿ ಎತ್ತಿ ಹಿಡಿದು ತೆಲುಗಿನಲ್ಲಿ ಕೇಳಿದಳು, ಇದರಲ್ಲೇನು ಅಂತ. ಗುರುದೇವಿ ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ ತೆಲುಗು ಮಾತಾಡಿದಳು.

"ಪುರುಗು, ಅಕ್ಕಾ."

ಹುಳ ಅಂತ! ಹೆಂಗಸು ಬೆಚ್ಚಿ ಡಬ್ಬಿಯನ್ನು ಅವಳ ಕೈಗೇ ತುರುಕಿದಳು. ಗುರುದೇವಿಗೆ ನಗು ಬಂದುಬಿಟ್ಟಿತು. ಅಮೀರ್‌ಪೇಟೆಯಲ್ಲಿ ಇಳಿದು ಇನ್ನೊಂದು ರೈಲು ಹಿಡಿಯಬೇಕು. ಜನವೋ ಜನ! ಡಬ್ಬಿಯನ್ನು ಎದೆಗೆ ಒತ್ತಿ, ಬೋರ್ಡುಗಳನ್ನು ನಿಧಾನವಾಗಿ ಓದುತ್ತಾ ಮೆಟ್ಟಿಲು ಹತ್ತಿದಳು.

* * *

"ಬಾ ಅವ್ವಾ ಬಾ," ಸುಹಾಸಿನಿ ಬಾಗಿಲು ತೆಗೆದರು. "ನೋಡು ಇವನ ಅವತಾರ! ಮನ್ಯಾಗಿನ ಬಕೀಟು ಎಲ್ಲಾ ತಗೊಂಡಾನ. ನನ್ನ ಹಲ್ಲು ತಿಕ್ಕೋ ಬ್ರಶ್ಶೂ ಹೋತು!"

ಬಾಲ್ಕನಿಯಲ್ಲಿ ಬಕೆಟ್ಟುಗಳ ನಡುವೆ ನಿಶಾಂತ ಕೈಗವಸು ಹಾಕಿಕೊಂಡು ಕೂತಿದ್ದ. ಕಂದು ಬಣ್ಣದ ಔಷಧಿ ನೀರು. ಅವನ ಚಂದದ ಸೇವಂತಿಗೆ ಹವಳ ಅರ್ಧಕ್ಕರ್ಧ ಬೋಳಾಗಿತ್ತು. ತಲೆಯೆತ್ತಿ ಅವಳನ್ನು ಕಂಡವನೇ ಎದ್ದು ನಿಂತ.

ಅವಳು ಡಬ್ಬಿಯನ್ನು ಅವನ ಮುಂದಿಟ್ಟಳು.

"ಇದನ್ನ ಮರತು ಬಂದಿದ್ರಿ."

ಅವನು ಮುಚ್ಚಳ ತೆಗೆದು ನೋಡಿದ. ಮುಖ ಸಪ್ಪಗಾಯಿತು.

"ನಿಮ್ಮ ಟ್ಯಾಂಕಿನ್ಯಾಗ ಇಳದುಬಿಟ್ಟಿತ್ತಾ... ದೊಡ್ಡಪ್ಪಾರ ಹವಳ?"

"ಅದಕ್ಕ ಏನೂ ಆಗಿಲ್ಲ. ಇದೊಂದ ಸಿಕ್ಕಿದ್ದು. ಹೇಳಬೇಕಿತ್ತಲ್ಲರಿ ನನಗ!"

"ಏನಂತ ಹೇಳಲಿ? ಊರಿಗೆಲ್ಲಾ ಪಾಠ ಮಾಡಾವ, ತೊಳೀದ ಬಿಡಬ್ಯಾಡ್ರಿ ಅಂತ. ನಾನ ಹುಳ ತುಂಬಿದ ಹವಳ ಕೊಟ್ಟೆ. ಅದೂ ಎಂಥಾ ಹೊತ್ತಿನ್ಯಾಗ! ಅಲ್ಲಿ ದೊಡ್ಡಪ್ಪಾರು ಲಗ್ನದ ಮಾತು ತಗದಾರ... ಸುಮ್ಮನ ತಂದು, ತೊಳದು, ಮತ್ತ ಚಂದ ಮಾಡಿ ಕೊಡೋಣು ಅಂದುಕೊಂಡೆ."

"ನಾನು ಏನು ತಿಳಕೊಂಡೆ ಗೊತ್ತೈತೇನ್ರಿ?" ಅಂದಳು ಅವಳು. "ಉಡ್ಯಾಗ ಹಾಕಿದ್ದು ವಾಪಸ್ ಕೇಳಿದ್ರಿ ನೀವು."

ನಿಶಾಂತನ ಕೈಯಿಂದ ಬ್ರಶ್ಶು ಬಕೆಟ್ಟಿಗೆ ಬಿತ್ತು.

"ಅಯ್ಯೋ... ದೇವರೇ!"

"ಅವತ್ತ ಬಡಕೊಂಡ್ನಿ, ಕೇಳಾಂಗಿಲ್ಲ ಅಂತ!" ಒಳಗಿಂದ ಸುಹಾಸಿನಿಯ ದನಿ. "ಇವನ ತಲ್ಯಾಗ ಬರೇ ಹುಳ!"

"ಗುರುದೇವಿ, ನನ್ನಾಣಿ... ನನಗ ಅದು ಹೊಳೀಲೇ ಇಲ್ಲ. ಹುಳದ್ದ ಚಿಂತಿ ಹತ್ತಿತ್ತು."

"ಎಂಟನೇತ್ತ ಕಲತಾಕಿ ಬ್ಯಾಡ ಅಂತೀರಿ ಅಂದ್ಕೊಂಡೆ..."

"ಹುಳ ಕೊಟ್ಟಾವ ನಾನು! ನೀವ ಬ್ಯಾಡ ಅಂತೀರಿ ಅಂತ ನಾನು ಇಲ್ಲಿ ಸಾಯಾಕತ್ತೀನಿ!"

ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

"ಒಂದು ಕೇಳ್ಲೇನ್ರಿ? ಇಷ್ಟೆಲ್ಲಾ ಪಾಠ ಮಾಡಿದವರು, ನೀವ್ಯಾಕ ತೊಳೀಲಿಲ್ಲ?"

"ಸೊಕ್ಕು. ನನ್ನ ಟ್ಯಾಂಕಿನ್ಯಾಗ ಹುಳ ಎಲ್ಲಿಂದ ಬರಬೇಕು ಅಂತ." ಅವನು ಅವಳ ಕಡೆ ನೋಡಿದ. "ನಿಮಗ ಅಷ್ಟು ಹೇಳಿದ್ನಿ. ನೀವ್ಯಾಕ ತೊಳೀಲಿಲ್ಲ?"

ಗುರುದೇವಿ ಓಢಣಿಯ ತುದಿ ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ಮತ್ತೆ ಸುತ್ತಿಕೊಂಡಳು.

"ನೀವು ಕೊಟ್ಟಿದ್ರಲ್ಲ..." ದನಿ ಅವಳಿಗೇ ಕೇಳಿಸದಷ್ಟು ಮೆಲ್ಲಗಿತ್ತು. "ಔಷಧಿ ಹಾಕಾಕ ಮನಸ್ಸಾಗಲಿಲ್ಲ."

ಅವನ ಕೈ ಎಡಗಿವಿಗೆ ಹೋಗಲಿಲ್ಲ. ಮನಸ್ಸಿನಲ್ಲಿ ಇನ್ನೇನೂ ಉಳಿದಿರಲಿಲ್ಲ, ಎಲ್ಲ ಮುಖದ ಮೇಲಿತ್ತು.

"ಇನ್ನೊಂದು ಬ್ರಶ್ ಐತೇನ್ರಿ?" ಅಂದಳು ಗುರುದೇವಿ.

ಸುಹಾಸಿನಿ ಒಳಗಿಂದಲೇ ಎಸೆದರು. "ತಗೋ, ಅವನದೂ ಹೋಗಲಿ!"

ಇಬ್ಬರೂ ಎದುರುಬದುರು ಕೂತರು. ಹುಳಗಳು ಔಷಧಿ ನೀರಿನಲ್ಲಿ ಉದುರಿದವು. ಸುರುಳಿ ಸುರುಳಿಯಾದ ಬಿಳಿ ಮೊಟ್ಟೆಗಳನ್ನು ಬ್ರಶ್ಶಿನಿಂದ ಕೆರೆದು ತೆಗೆದರು. ಮೊಟ್ಟೆ ಔಷಧಿಗೆ ಸಾಯುವುದಿಲ್ಲ, ಕೆಲವು ದಿನ ಬಿಟ್ಟು ಮತ್ತೆ ತೊಳೆಯಬೇಕು, ಆಮೇಲೆ ಮತ್ತೊಮ್ಮೆ ಅಂತ ಅವನು ಪಾಠ ಶುರು ಮಾಡಿದ.

"ಹಂಗಾರ ನಾನು ಮತ್ತ ಬರಬೇಕಲ್ಲ," ಅಂದಳು.

"ಬರಬೇಕರಿ. ಭಾಳ ಸಲ ಬರಬೇಕು."

* * *

ಎಲ್ಲ ತೊಳೆದು ಮುಗಿದು, ಬೇರೆ ನೀರಿನಲ್ಲಿಟ್ಟು ಕಾದು ನೋಡಿ, ಒಂದೂ ಹುಳವಿಲ್ಲವೆಂದು ಖಾತ್ರಿಯಾದ ಮೇಲೆ ನಿಶಾಂತ ದಿಲ್‌ಸುಖ್‌ನಗರಕ್ಕೆ ಬಂದ. ಸುಹಾಸಿನಿಯೂ ಬಂದಿದ್ದರು, ಹಣ್ಣು ಕಾಯಿಯ ಬುಟ್ಟಿ ಹಿಡಿದು. ದೊಡ್ಡಪ್ಪ ಆರಾಮ ಕುರ್ಚಿಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದರು.

"ಹುಳ ತಂದ ಅಳಿಯ ಅಂತ ಊರೆಲ್ಲಾ ಹೇಳಾವ ನಾನು!"

"ಹೇಳ್ರಿ ದೊಡ್ಡಪ್ಪಾರ. ಅಳಿಯ ಅಂದ್ರಲ್ಲ, ಅಷ್ಟು ಸಾಕು ನನಗ!"

ಗುರುದೇವಿಯ ಕೈ ಇವತ್ತು ಖಾಲಿ ಇತ್ತು. ಆದರೂ ಅವಳು ಸೆರಗು ಒಡ್ಡಿದಳು. ಹೊಸ ಇಳಕಲ್ ಸೀರೆಯ ಸೆರಗು. ಅವನು ಹವಳದ ಚೀಲವನ್ನು ಅದರೊಳಗೆ ಮೆಲ್ಲಗೆ ಇಟ್ಟ.

ಅವಳು ಅದನ್ನು ಗಾಜಿಗೆ ಹತ್ತಿರದ ಅದೇ ಕಲ್ಲಿನ ಮೇಲೆ ಕೂರಿಸಿದಳು. ಎಲ್ಲ ಎಸಳೂ ಮುಚ್ಚಿಕೊಂಡಿದ್ದವು. ಇಬ್ಬರೂ ತೊಟ್ಟಿಯ ಮುಂದೆ ನೆಲದ ಮೇಲೆ ಕೂತರು, ಭುಜಕ್ಕೆ ಭುಜ ತಾಗದಷ್ಟು ದೂರ, ತಾಗಿದರೂ ಯಾರೂ ಸರಿಯದಷ್ಟು ಹತ್ತಿರ.

ಹಿಂದೆ ದೊಡ್ಡಪ್ಪ, ಸುಹಾಸಿನಿ ಮುಹೂರ್ತಕ್ಕೆ ಜಗಳ ಹಚ್ಚಿದ್ದರು.

"ಇನ್ನ ವಾಪಸ್ ಕೇಳಾಂಗಿಲ್ಲ," ನಿಶಾಂತ ಪಿಸುಗುಟ್ಟಿದ.

"ಕೇಳಿದ್ರೂ ಕೊಡಾಂಗಿಲ್ಲ."

ಆಗ ಒಂದು ಎಸಳು ಅಲುಗಿತು. ಆಮೇಲೆ ಇನ್ನೊಂದು. ಕೇಸರಿ ನಡು ಮೆಲ್ಲಗೆ ಕಣ್ಣು ಬಿಟ್ಟಿತು...

"ಅರಳಾಕತ್ತೈತೇನು?" ದೊಡ್ಡಪ್ಪ ಕುರ್ಚಿಯಲ್ಲೇ ಕತ್ತು ಚಾಚಿದರು. "ನನಗ ಇಲ್ಲಿಂದ ಕಾಣವೊಲ್ದು. ಯಾರರೆ ನನ್ನ ಚಷ್ಮಾ ಕೊಡ್ರೆಪಾ."